ಉದ್ದ ಕಾರು ಮತ್ತು ಉಪ್ಪುಕಾಗದ

ಮುಳ್ಳುಬೇಲಿಯ ಮರೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಉದ್ದ ಮೈಯ ಹಳೆಯ ಕಾರೊಂದು ಕೊನೆಗೂ ಪೇಂಟರ್ ಫಕೀರಪ್ಪನ ಗ್ಯಾರೇಜು ಸೇರಿತು. ಕಾರ್ಖಾನೆಯಲ್ಲಿ ಬಳಿದ ಮೊದಲ ಬಣ್ಣ ಕಣ್ಣಿಗೆ ಬೀಳುವವರೆಗೆ ಹೊಸ ಬಣ್ಣದ ಡಬ್ಬಿ ತೆರೆಯುವ ಮನುಷ್ಯ ಫಕೀರಪ್ಪನಲ್ಲ. ಅವನು ಉಪ್ಪುಕಾಗದ ಹಿಡಿದು ಬಾಗಿಲನ್ನು ಉಜ್ಜತೊಡಗಿದ.

"ಮೆಲ್ಲಗೆ!" ಎಂದು ಕಾರು ಉಪ್ಪುಕಾಗದವನ್ನು ಗದರಿತು. "ನಾನು ಅರಮನೆಗೆಂದೇ ತಯಾರಾದವನು."

"ಹಾಗೆಂದು ಯಾರು ಹೇಳಿದರು?" ಎಂದಿತು ಉಪ್ಪುಕಾಗದ.

"ಯಾರಾದರೂ ಹೇಳಬೇಕೇ? ನಾನು ಬಂದರೆ ಎತ್ತಿನ ಗಾಡಿ, ಬಸ್ಸು ಎಲ್ಲವೂ ಪಕ್ಕಕ್ಕೆ ಸರಿಯುತ್ತಿದ್ದವು. ಜನ ಆಡುತ್ತಿದ್ದ ಮಾತು ನಿಲ್ಲಿಸಿ ಕೈಮುಗಿಯುತ್ತಿದ್ದರು. ರಾಜನಿಗಲ್ಲದೆ ಇನ್ಯಾರಿಗೆ ಅಷ್ಟು ಮರ್ಯಾದೆ?"

ಉಪ್ಪುಕಾಗದ ಉಜ್ಜುತ್ತಲೇ ಹೋಯಿತು. ಮೇಲಿನ ಕಪ್ಪು ಬಣ್ಣ ಉದುರಿತು, ಅದರಡಿಯ ಹಸಿರೂ ಉದುರಿತು. ತಳದಲ್ಲಿ, ಬಿಳಿ ಬಣ್ಣದ ಮೇಲೆ, ಕೆಂಪು ಪ್ಲಸ್ ಗುರುತು ಕಾಣಿಸಿತು.

"ಅಬ್ಬಾ, ಇದು ಕಾರ್ಖಾನೆಯಿಂದ ಹೊರಬಿದ್ದದ್ದೇ ಆಂಬುಲೆನ್ಸ್ ಆಗಿ!" ಎಂದು ಫಕೀರಪ್ಪ ಕೈ ನಿಲ್ಲಿಸಿದ.

"ಆದರೂ ಅವರೆಲ್ಲ ನನಗೆ ದಾರಿ ಬಿಟ್ಟದ್ದು ಸುಳ್ಳಲ್ಲ," ಎಂದಿತು ಕಾರು.

"ಸುಳ್ಳಲ್ಲ," ಎಂದಿತು ಸವೆದು ನುಣುಪಾಗಿದ್ದ ಉಪ್ಪುಕಾಗದ. "ಆದರೆ ದಾರಿ ಬಿಟ್ಟದ್ದು ನಿನ್ನೊಳಗೆ ಮಲಗಿದ್ದವರಿಗೆ. ಕೈಮುಗಿದದ್ದು ಅವರ ಜೀವ ಉಳಿಯಲಿ ಎಂದು."

ಕಾರು ತಗ್ಗಿದ ದನಿಯಲ್ಲಿ ಕೇಳಿತು: "ಉಳಿದರೇ?"

"ಅವರನ್ನು ಹೊತ್ತುಕೊಂಡು ಹೋದವನು ನೀನು," ಎಂದಿತು ಉಪ್ಪುಕಾಗದ. "ನನ್ನನ್ನು ಕೇಳುತ್ತೀಯಲ್ಲ!"