ಆಲವೋ ಅತ್ತಿಯೋ ಎಂದ ಮಂಗಟ್ಟೆ

ಹಳ್ಳವೊಂದು ಹರಿಯುವ ಕಾಡಿನಲ್ಲಿ ದಾಸಣ್ಣ ಎಂಬ ಮಂಗಟ್ಟೆ ಹಕ್ಕಿ ಇದ್ದ. ಉದ್ದ ಕೊಕ್ಕು, ಒಳ್ಳೆಯ ಮನಸ್ಸು. ಆದರೆ ಆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ! ಮಂಗಟ್ಟೆಗಳ ಮನೆಯ ಪದ್ಧತಿ ಗೊತ್ತಲ್ಲ ಮಕ್ಕಳೇ? ಹೆಂಡತಿ ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತಾಳೆ. ಕೊಕ್ಕು ಚಾಚುವಷ್ಟೇ ಸಂದಿ ಬಿಡುತ್ತಾಳೆ. ಗಂಡ ತಂದು ಕೊಟ್ಟರೇ ಊಟ. ದಾಸಣ್ಣನ ಹೆಂಡತಿ ಸಾಕಮ್ಮನೂ ಹಾಗೇ ಒಳಗಿದ್ದಳು. ಅಂದು ಬೆಳಿಗ್ಗೆ ತಾನೇ ಮೊಟ್ಟೆ ಒಡೆದು ಮರಿ ಬಂದಿತ್ತು.

"ಬೇಗ ಹಣ್ಣು ತನ್ನಿ, ಮಗು ಬಾಯಿ ಬಿಡ್ತಿದೆ" ಎಂದಳು.

ದಾಸಣ್ಣ ಹಾರಿದ. ಹಳ್ಳದ ಈಚೆ ದಡದಲ್ಲಿ ಆಲದ ಮರ, ಆಚೆ ದಡದಲ್ಲಿ ಅತ್ತಿ ಮರ. ಎರಡರ ತುಂಬ ಹಣ್ಣು. ಎರಡೂ ತನಗೇ ಇರಲಿ ಅಂತ ಆಲದ ಮೇಲೊಬ್ಬ ಮುಸುವ, ಅಂದರೆ ಕರಿಮೂತಿಯ ಕೋತಿ, ಕೂತಿದ್ದ. ಮಹಾ ಕಿಲಾಡಿ!

"ಅಯ್ಯೋ ದಾಸಣ್ಣ, ಈ ಸಪ್ಪೆ ಹಣ್ಣು ಹಸುಗೂಸಿಗಾ? ಆ ಅತ್ತಿ ನೋಡು, ಜೇನು!" ಎಂದ.

ದಾಸಣ್ಣ ಅತ್ತಿಗೆ ಹಾರಿದ. ಕೊಕ್ಕು ಹಾಕುವಷ್ಟರಲ್ಲಿ ಮುಸುವ ಮತ್ತೆ ಕೂಗಿದ: "ಅತ್ತಿ ಒಳಗೆ ಹುಳ ಇರುತ್ತಪ್ಪ! ಮಗುವಿಗೆ ಹೊಟ್ಟೆನೋವು ಬಂದರೆ?"

"ಹೌದಲ್ವಾ!" ದಾಸಣ್ಣ ಆಲಕ್ಕೆ ಬಂದ. ಅಲ್ಲಿ ಇನ್ನೊಂದು ಮಾತು. ಮತ್ತೆ ಅತ್ತಿಗೆ. ಗಾಳಿಗೆ ದೀಪ ಓಲಾಡಿದರೂ, ನಿರ್ಧಾರವಿಲ್ಲದೆ ಮನಸ್ಸು ಓಲಾಡಿದರೂ ಇಂಗ್ಲಿಷಿನಲ್ಲಿ 'ವೇವರ್' ಅನ್ನುತ್ತಾರೆ. ನಮ್ಮ ದಾಸಣ್ಣನಂತೂ ರೆಕ್ಕೆ ಬಿಚ್ಚಿಕೊಂಡೇ ಓಲಾಡುತ್ತಿದ್ದ! ಮುಸುವ ಮಾತ್ರ ನಗುತ್ತಾ ಎರಡು ಕೈಯಲ್ಲೂ ಮುಕ್ಕುತ್ತಿದ್ದ.

ಸಂಜೆಯಾಯಿತು. ದಾಸಣ್ಣ ಬರಿಗೊಕ್ಕಿನಲ್ಲಿ ಮನೆಗೆ ಬಂದ.

"ಏನ್ರೀ ತಂದ್ರಿ?"

"ಯಾವುದು ತರಲಿ ಅಂತ ಯೋಚನೆ ಮಾಡ್ತಿದ್ದೆ ಕಣೇ."

"ಮಗುವಿಗೆ ನಿಮ್ಮ ಯೋಚನೆ ತಿನ್ನಿಸಲಾ?" ಎಂದಳು ಸಾಕಮ್ಮ. "ಅದು ಅಳೋದನ್ನೂ ನಿಲ್ಲಿಸಿದೆ ಕಣ್ರೀ."

ದಾಸಣ್ಣ ತಟ್ಟನೆ ತಿರುಗಿದ. 'ಥೂ, ನನ್ನ ಬುದ್ಧಿಗಿಷ್ಟು!' ಎಂದು ಬೈದುಕೊಂಡು ನೇರ ಅತ್ತಿ ಮರಕ್ಕೆ ಹಾರಿದ. "ಹುಳ! ಹುಳ!" ಎಂದು ಮುಸುವ ಗಂಟಲು ಹರಿದುಕೊಂಡ. ದಾಸಣ್ಣ ತಿರುಗಿಯೂ ನೋಡಲಿಲ್ಲ. ಗಂಟಲ ತುಂಬ ಹಣ್ಣು ತುಂಬಿಕೊಂಡ.

ಈಗ ಮುಸುವನಿಗೆ ಪೇಚಾಟ. ಅತ್ತಿ ಖಾಲಿಯಾಗುತ್ತಿದೆ! ಆಚೆ ದಡಕ್ಕೆ ನೆಗೆಯಲು ಕೊಂಬೆಯ ತುದಿಗೆ ಓಡಿದ. ಅಷ್ಟರಲ್ಲಿ ಗಿಳಿಗಳ ಹಿಂಡೊಂದು ಆಲಕ್ಕೆ ಇಳಿಯಿತು. ಅತ್ತಿ ಉಳಿಸಿಕೊಳ್ಳಲೋ, ಆಲ ಕಾಯಲೋ? ಕಾಲು ನೆಗೆಯಿತು, ಮನಸ್ಸು ಹಿಂದಕ್ಕೆಳೆಯಿತು. ಅರೆಮನಸ್ಸಿನ ನೆಗೆತಕ್ಕೆ ಆಚೆ ಮರ ಸಿಗುತ್ತದೆಯೇ? ದಬಕ್! ಹಳ್ಳದ ಕೆಸರಿಗೆ ಬಿದ್ದ. ಅವನು ಬಾಲ ಕೊಡವಿಕೊಂಡು ಏಳುವಷ್ಟರಲ್ಲಿ ಗಿಳಿಗಳು ಆಲವನ್ನು ಬೋಳಿಸಿದ್ದವು.

ಇತ್ತ ದಾಸಣ್ಣ ಒಂದೊಂದೇ ಹಣ್ಣನ್ನು ಸಂದಿಯೊಳಗೆ ಕೊಟ್ಟ. ಸಾಕಮ್ಮ ಮರಿಯ ಬಾಯಿಗಿಟ್ಟಳು. ಮರಿ ನುಂಗಿತು, ಮತ್ತೆ ಬಾಯಿ ತೆರೆಯಿತು. ಒಂದು ಹಣ್ಣಿನಲ್ಲಿ ನಿಜವಾಗಿಯೂ ಹುಳವಿತ್ತು. ಮರಿ ಅದನ್ನೂ ಖುಷಿಯಾಗಿ ನುಂಗಿ, "ಇನ್ನೂ ಬೇಕು" ಎಂದು ಚೀರಿತು!

ನೀತಿ: ಯೋಚಿಸಿ ಒಂದನ್ನು ಆರಿಸಿಕೊಂಡು ಕೆಲಸಕ್ಕೆ ಇಳಿಯಬೇಕು, ಅತ್ತಿತ್ತ ಹೊಯ್ದಾಡುವವನಿಗೆ ಎರಡೂ ದಕ್ಕುವುದಿಲ್ಲ.