ಸೂಲಗಿತ್ತಿ ಹುಲಿಗೆವ್ವ ಕಟ್ಟಿಸಿದ ಸೇತುವೆ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದ ನನ್ನ ಅಜ್ಜಿಗೂ ಅದು ಗೊತ್ತಿರಲಿಲ್ಲ. ಮಸಾರಿಹಾಳ ಅಂತ ಒಂದು ಊರು. ಊರಿನ ನಟ್ಟನಡುವೆ ಒಂದು ಹಳ್ಳ. ಹಳ್ಳದ ಈಚೆ ಕೆಂಪು ಮಣ್ಣು, ಆಚೆ ಕರಿ ಎರೆ. ಈಚೆ ದಂಡೆಗೆ ಚಾವಡಿ, ಸಂತೆಕಟ್ಟೆ, ಗೌಡರ ವಾಡೆ. ಆಚೆ ದಂಡೆಗೆ ಕುಂಬಾರರು, ನೇಕಾರರು, ಕುರುಬರು, ಬುಟ್ಟಿ ಹೆಣೆಯುವ ಮೇದಾರರು. ಬೇಸಿಗೆಯಲ್ಲಿ ಆ ಹಳ್ಳವನ್ನು ಕೋಳಿಯೂ ದಾಟುತ್ತಿತ್ತು. ಮಳೆಗಾಲ ಬಂತೆಂದರೆ ಅದೇ ಹಳ್ಳ ಎಮ್ಮೆಯನ್ನೂ ಎಳಕೊಂಡು ಹೋಗುತ್ತಿತ್ತು. ಆಗ ಆಚೆಯವರು ಆಚೆ, ಈಚೆಯವರು ಈಚೆ.

ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಸಣ್ಣ ಆಳು, ಒಣಗಿದ ಮೈ, ಆದರೆ ಕೈ ಮಾತ್ರ ದೊಡ್ಡವು ಅಂತ ಹೇಳುತ್ತಾರೆ. ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಕೂಸು ಯಾವ ಕಡೆ ಮುಖ ಮಾಡಿದೆ ಅಂತ ಹೇಳುತ್ತಿದ್ದಳಂತೆ. ಅಡ್ಡ ತಿರುಗಿದ ಕೂಸು ಅವಳ ಧ್ವನಿ ಕೇಳಿ ತಾನೇ ನೆಟ್ಟಗಾಗುತ್ತಿತ್ತು ಅಂತಲೂ ಹೇಳುತ್ತಾರೆ. ಅದೆಷ್ಟು ನಿಜವೋ ನಾನು ಕಾಣೆ. ಊರಿನ ಪ್ರತಿ ಮನೆಯ ಒಳಮನೆಯನ್ನು ಅವಳು ನೋಡಿದ್ದಳು ಅನ್ನುವುದಂತೂ ನಿಜ. ಗೌಡರ ವಾಡೆಯದನ್ನೂ ನೋಡಿದ್ದಳು, ಮೇದಾರರ ಗುಡಿಸಲಿನದನ್ನೂ ನೋಡಿದ್ದಳು.

ಆಗ ಊರಿಗೆ ಪರ್ವತಗೌಡ ಹಿರಿಯ. ಊರೊಟ್ಟಿನ ಕೆಲಸವೆಲ್ಲ ಅವನ ಕೈಯಲ್ಲೇ. ಸುಗ್ಗಿ ಮುಗಿದ ಮೇಲೆ ದೈವದವರು, ಅಂದರೆ ಊರಿನ ಹತ್ತೂ ಮನೆತನದವರು, ಚಾವಡಿಯಲ್ಲಿ ಕೂಡುತ್ತಿದ್ದರು. ಹಳ್ಳಕ್ಕೆ ಕಲ್ಲಿನ ಸೇತುವೆ ಆಗಬೇಕು ಅಂತ ಮಾತಾಗುತ್ತಿತ್ತು. ಮನೆಗೊಂದು ಆಳು ವಾರಕ್ಕೊಂದು ದಿನ ದುಡಿಯಬೇಕು, ಗುಡ್ಡದಿಂದ ಕಲ್ಲು ಹೊತ್ತು ತರಬೇಕು ಅಂತ ತೀರ್ಮಾನವಾಗುತ್ತಿತ್ತು. ಕಾಯಿ ಒಡೆಯುತ್ತಿದ್ದರು. ಗೌಡನಿಗೆ ಮಾಲೆ ಹಾಕುತ್ತಿದ್ದರು. ಜನ ಕಲ್ಲು ಹೊರುತ್ತಿದ್ದರು. ಮಳೆ ಬರುತ್ತಿತ್ತು. ಮಳೆ ಹೋದ ಮೇಲೆ ನೋಡಿದರೆ ದಂಡೆಯ ಮೇಲೆ ಒಂದು ಕಲ್ಲೂ ಇರುತ್ತಿರಲಿಲ್ಲ.

“ಹಳ್ಳ ಒಯ್ತು, ಏನ್ ಮಾಡೂದು?” ಅನ್ನುತ್ತಿದ್ದನಂತೆ ಗೌಡ.

ಒಂದು ವರ್ಷ ಹೀಗಾಯಿತು. ಎರಡನೇ ವರ್ಷವೂ ಹೀಗೇ ಆಯಿತು. ಮೂರನೇ ವರ್ಷವೂ ಹಳ್ಳವೇ ಒಯ್ದಿತು. ಚಾವಡಿಯ ಕಡತದಲ್ಲಿ ಮಾತ್ರ ಮೂರು ವರ್ಷವೂ ‘ಸೇತುವೆಯ ಕೆಲಸ ಚೆನ್ನಾಗಿ ನಡೆದಿದೆ’ ಅಂತ ಬರೆದಿಟ್ಟಿದ್ದರಂತೆ. ಹೆಗಲ ಮೇಲೆ ಹುಣ್ಣು ಹೊತ್ತವರು ನಮ್ಮವರು. ಕೊರಳಿಗೆ ಮಾಲೆ ಹೊತ್ತವನು ಅವನು. ಇದನ್ನು ಹೇಳುವಾಗ ನನ್ನ ಅಜ್ಜಿ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಆ ಮೂರನೇ ಮಳೆಗಾಲದಲ್ಲೇ ಕುಂಬಾರರ ಸೊಸೆ ಸೋಮವ್ವನಿಗೆ ಹೆರಿಗೆ ನೋವು ಬಂತು. ಚೊಚ್ಚಲು. ಹಳ್ಳ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಅವಳ ಅತ್ತೆ ದ್ಯಾಮವ್ವ ಆಚೆ ದಂಡೆಗೆ ಬಂದು ಸೆರಗು ಬೀಸಿ ಬೀಸಿ ಕೂಗಿದಳಂತೆ. ಹುಲಿಗೆವ್ವ ಈಚೆ ದಂಡೆಗೆ ಓಡಿ ಬಂದಳು. ನೀರಿಗೆ ಇಳಿದಳು. ಎದೆಮಟ್ಟ ನೀರಿಗೆ ಹೋಗುವಷ್ಟರಲ್ಲಿ ಸೆಳವು ಎಳೆಯಿತು. ನಾಲ್ಕು ಜನ ಹಿಡಿದು ದಂಡೆಗೆ ತಂದರು. ಮತ್ತೆ ಇಳಿದಳು, ಮತ್ತೆ ತಂದರು. ಕೊನೆಗೆ ಅಲ್ಲೇ ನಿಂತು ಕೂಗಿ ಹೇಳತೊಡಗಿದಳಂತೆ.

“ಎಡಮಗ್ಗಲಾ ಮಲಗಸ್ರೀ! ಬಿಸಿನೀರಾಗ ಅರಿವಿ ಅದ್ದಿ ಸೊಂಟಕ್ಕ ಹಚ್ಚ್ರೀ! ಮುಕ್ಕರಿಯಾಕ ಹಚ್ಚಬ್ಯಾಡ್ರೀ ಈಗಾ!”

ನೀರಿನ ಸದ್ದಿಗೆ ಆಚೆ ಒಂದು ಮಾತೂ ಕೇಳಲಿಲ್ಲ. ದ್ಯಾಮವ್ವ ಕಿವಿಗೆ ಕೈ ಇಟ್ಟು ಇಟ್ಟು ನೋಡಿ, ತಲೆ ಬಡಕೊಂಡು ಮನೆಗೆ ಓಡುವಳು, ಮತ್ತೆ ದಂಡೆಗೆ ಓಡಿ ಬರುವಳು. ಈಚೆ ಹುಲಿಗೆವ್ವನ ಗಂಟಲು ಹರಿದು ರಕ್ತ ಬಂತು ಅಂತ ಹೇಳುತ್ತಾರೆ. ಎರಡು ದಿನ ಹೀಗೆ. ಮೂರನೆಯ ದಿನ ನೀರು ಇಳಿಯಿತು. ಹುಲಿಗೆವ್ವ ದಾಟಿ ಹೋದಾಗ ತಾಯಿ ಕೂಸು ಎರಡನ್ನೂ ಒಂದೇ ಸೀರೆಯಲ್ಲಿ ಸುತ್ತಿಟ್ಟಿದ್ದರು. ಅವಳೇ ಬಿಚ್ಚಿದಳು, ಅವಳೇ ಮೈ ತೊಳೆದಳು, ಅವಳೇ ಮತ್ತೆ ಸುತ್ತಿದಳು. ಅಳಲಿಲ್ಲವಂತೆ. ಗೌಡ ಬಂದು “ಹಣೆಬರ ಹುಲಿಗೆವ್ವ, ಹಳ್ಳಕ್ಕ ಯಾರೇನ್ ಮಾಡಾಕ ಆಕ್ಕೈತಿ” ಅಂದಾಗ ಅವನ ಮುಖವನ್ನೇ ನೋಡುತ್ತ ನಿಂತಳು.

ಸುಗ್ಗಿ ಮುಗಿಯಿತು. ದೈವದವರು ಮತ್ತೆ ಕೂಡಿದರು. ಹೆಣ್ಣುಮಕ್ಕಳು ಚಾವಡಿ ಏರುವ ಕಾಲವಲ್ಲ ಅದು. ಹುಲಿಗೆವ್ವ ಏರಿದಳು. ಈ ಸಲ ಸೇತುವೆಯ ಕೆಲಸ ತನಗೆ ಕೊಡಬೇಕು ಅಂದಳು.

ಗೌಡ ನಕ್ಕ. “ಕೂಸು ಹಿಡಿಯೂ ಕೈಗೆ ಕಲ್ಲ್ಯಾಕ ಬೇ?”

“ಹಿಡಿಯಾಕ ಹೋದ್ರ ಹಳ್ಳ ಬಿಡವಲ್ದು ಗೌಡ್ರ. ಮೊದಲ ಹಳ್ಳಾ ದಾಟಬೇಕು.”

ಯಾರೂ ನಗಲಿಲ್ಲ. ಗೌಡ ಯೋಚನೆ ಮಾಡಿದ. ಕೊಟ್ಟರೆ ಇವಳಿಂದ ಆಗುವುದಿಲ್ಲ, ಆಗದಿದ್ದರೆ ಹಾಳಾದ ಹೆಸರೂ ಇವಳಿಗೇ ಹೋಗುತ್ತದೆ ಅಂತ ಲೆಕ್ಕ ಹಾಕಿ, ಆಗಲಿ ಅಂದ. ಹುಲಿಗೆವ್ವ ಒಂದು ಮಾತು ಕೂಡಿಸಿದಳು. ಯಾವ ಮನೆಯವರು ಕಲ್ಲು ತಂದರೂ ತಮ್ಮ ಮನೆಯ ಗುರುತು ಕೆತ್ತಿಸಿಯೇ ಇಡಬೇಕು.

“ಅದ್ಯಾಕ?” ಅಂದ ಗೌಡ.

“ಹಳ್ಳ ಒಯ್ದ್ರ, ಎಲ್ಲಿಗೆ ಒಯ್ತು ಅಂತಾದ್ರೂ ಗೊತ್ತಾಗ್ಲಿ.”

ಅವಳು ಆ ಕೆಲಸವನ್ನು ಹೇಗೆ ನಡೆಸಿದಳು ಅನ್ನುವುದನ್ನು ಊರವರು ಇವತ್ತಿಗೂ ಬಾಯಿ ತುಂಬ ಹೇಳುತ್ತಾರೆ. ಅವಳಿಗೆ ಓದು ಬರಹ ಇಲ್ಲ. ಆದರೆ ಯಾರ ಮನೆಯಲ್ಲಿ ಎಳೆ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕ ಇದ್ದಾನೆ, ಯಾರು ಎರಡು ಮಗ್ಗ ಹೂಡಿದ್ದಾರೆ, ಯಾರ ಕುರಿ ಯಾವ ವಾರ ಬಯಲಿಗೆ ಹೋಗುತ್ತದೆ, ಎಲ್ಲ ಬಾಯಿಪಾಠ. ಬಾಣಂತಿಯ ಮನೆಗೆ ಆ ತಿಂಗಳು ಬಿಡುವು. ಕಾಲಿಲ್ಲದವನಿಗೆ ಕೂತಲ್ಲೇ ಜಲ್ಲಿ ಒಡೆಯುವ ಕೆಲಸ. ನೆಪ ಹೇಳುವವನ ಮನೆಯ ಮುಂದೆ ಖಾಲಿ ಬುಟ್ಟಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳಂತೆ, ಅವನು ಹೊರಗೆ ಬರುವ ತನಕ. ಕಲ್ಲುಕುಟಿಗ ದುರುಗಪ್ಪ ಉಳಿ ಹಿಡಿದು ದಂಡೆಯ ಮೇಲೆ ಕೂತ. ಕುಂಬಾರರ ಕಲ್ಲಿಗೆ ಗಡಿಗೆ, ನೇಕಾರರ ಕಲ್ಲಿಗೆ ಲಾಳಿ, ಕುರುಬರ ಕಲ್ಲಿಗೆ ಟಗರಿನ ಕೊಂಬು, ಮೇದಾರರ ಕಲ್ಲಿಗೆ ಬುಟ್ಟಿ. ಸೊಸೆಯನ್ನು ಕಳಕೊಂಡ ದ್ಯಾಮವ್ವ ತಾನೇ ತಲೆಯ ಮೇಲೆ ಸಿಂಬಿ ಇಟ್ಟು ಕಲ್ಲು ಹೊತ್ತಳು. ಅವಳ ಕಲ್ಲಿಗೆ ಗಡಿಗೆಯ ಪಕ್ಕದಲ್ಲಿ ಒಂದು ತೊಟ್ಟಿಲು ಕೆತ್ತು ಅಂತ ದುರುಗಪ್ಪನಿಗೆ ಹುಲಿಗೆವ್ವನೇ ಹೇಳಿದಳಂತೆ.

ಹಳ್ಳದಲ್ಲಿ ಮೂರು ಕಂಬ ಎದ್ದವು. ಇನ್ನೂ ನಾಲ್ಕು ಏಳಬೇಕು. ಅಷ್ಟರಲ್ಲಿ ಒಂದು ಅಡ್ಡಮಳೆ ಬಂತು. ಮಾರನೆಯ ದಿನ ನೋಡಿದರೆ ದಂಡೆಯ ಮೇಲಿನ ಕಲ್ಲಿನ ರಾಶಿ ಅರ್ಧಕ್ಕರ್ಧ ಮಾಯ.

“ನೋಡಿದ್ರ್ಯಾ? ಹಳ್ಳ ಒಯ್ತು,” ಅಂದ ಗೌಡ.

ಹಳ್ಳದಲ್ಲಿ ಆವತ್ತು ಮೊಣಕಾಲುದ್ದವೂ ನೀರು ಬಂದಿರಲಿಲ್ಲ. ಹುಲಿಗೆವ್ವ ಜಗಳ ಮಾಡಲಿಲ್ಲ. ಸೆರಗು ಕಟ್ಟಿ ಹಳ್ಳದ ಗುಂಟ ಕೆಳಗೆ ನಡೆದಳು. ಎರಡು ಹರದಾರಿ ನಡೆದಳಂತೆ. ಮಡುವಿಗೆ ಇಳಿದು ಕಾಲಿಂದ ತಡಕಿದಳು. ಒಂದು ಕಲ್ಲೂ ಸಿಗಲಿಲ್ಲ. ತಿರುಗಿ ಬಂದು ಮತ್ತೆ ಕೆಲಸಕ್ಕೆ ನಿಂತಳು. ಜನ ಮಾತ್ರ ಕೈ ಚೆಲ್ಲಿದ್ದರು. ಯಾರಿಗಾಗಿ ಹೊರಬೇಕು, ಹೊತ್ತು ಹೊತ್ತು ಸಾಕಾಯಿತು ಅಂತ ಮನೆಯಲ್ಲೇ ಕೂತರು.

ಎಂಟು ದಿನ ಕಳೆದಿರಬೇಕು. ಗೌಡರ ಸೊಸೆ ಬಸುರಿ. ಹೊಟ್ಟೆ ಬಿಗಿಯುತ್ತದೆ, ಬಂದು ನೋಡು ಅಂತ ವಾಡೆಯಿಂದ ಕರೆ ಬಂತು. ಹುಲಿಗೆವ್ವ ಹೋದಳು. ಹಿತ್ತಲಲ್ಲಿ ಕೈಕಾಲು ತೊಳೆಯಲು ಹೋದಾಗ ಗೌಡ ಹೊಸದಾಗಿ ಕಟ್ಟಿಸಿದ ದನದ ಕೊಟ್ಟಿಗೆ ಕಂಡಿತು. ಉದ್ದನೆಯ ಕಲ್ಲಿನ ಗೋಡೆ. ಮೇಲೆ ಮಣ್ಣು ಮೆತ್ತಿದ್ದರು. ಹಿಂದಿನ ರಾತ್ರಿ ಬಿದ್ದ ಮಳೆಗೆ ಒಂದು ಮೂಲೆಯಲ್ಲಿ ಮೆತ್ತಿದ ಮಣ್ಣು ಕರಗಿ ಇಳಿದಿತ್ತು. ಅಲ್ಲಿ ಒಂದು ಗಡಿಗೆ, ಪಕ್ಕದಲ್ಲಿ ಒಂದು ತೊಟ್ಟಿಲು.

ಗೌಡನ ಗೋಡೆ ಕೆರೆದು ನೋಡುವವರು ಯಾರಿದ್ದಾರೆ ಅನ್ನುವ ಸೊಕ್ಕು ನೋಡಿ! ಗುರುತು ಅಳಿಸುವಷ್ಟು ಹೆದರಿಕೆಯೂ ಅವನಿಗೆ ಇರಲಿಲ್ಲ.

ಹುಲಿಗೆವ್ವ ಆ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಳಂತೆ, ಬಸುರಿಯ ಹೊಟ್ಟೆಯ ಮೇಲೆ ಇಡುವ ಹಾಗೆ. ಆಮೇಲೆ ಒಳಗೆ ಹೋದಳು. ಗೌಡರ ಸೊಸೆಯ ಮೈಗೆ ಎಣ್ಣೆ ತಿಕ್ಕಿದಳು, ಸೊಂಟ ನೀವಿದಳು, ಹೆದರಬೇಡ ತಂಗೀ, ಕೂಸು ಚೆನ್ನಾಗಿದೆ ಅಂದಳು. ಅಷ್ಟೆಲ್ಲ ಮುಗಿಸಿಯೇ ಹೊರಗೆ ಬಂದದ್ದು. ಸಿಟ್ಟಿದ್ದದ್ದು ಗೌಡನ ಮೇಲೆ, ಆ ಹುಡುಗಿಯ ಮೇಲಲ್ಲ.

ಆವತ್ತು ಸಂತೆ. ಹಾಡಹಗಲು. ಗೌಡ ಚಾವಡಿಯಲ್ಲಿ ಹತ್ತು ಜನರ ನಡುವೆ ಲೋಡಿಗೆ ಒರಗಿ ಕೂತಿದ್ದ. ಹುಲಿಗೆವ್ವ ನೆಟ್ಟಗೆ ಬಂದು ನಿಂತಳು.

“ಒಯ್ದ ಕಲ್ಲು ಸಿಕ್ಕಾವ. ಏಳ್ರಿ ಎಲ್ಲಾರೂ. ನಡೀರಿ, ನೋಡೂಣು.”

“ಎಲ್ಲಿ ಅದಾವ, ಇಲ್ಲೇ ಹೇಳು,” ಅಂದನಂತೆ ಗೌಡ.

“ಹೇಳಿದ್ದು ಕೇಳಿ ಕೇಳಿ ನಾಕು ವರ್ಷಾತು. ಈಗ ಕಣ್ಣಿಲೆ ನೋಡೂಣು.”

ಜನ ಎದ್ದರು. ಸಂತೆಗೆ ಬಂದವರೂ ಎದ್ದರು. ಮುಂದೆ ಅವಳು, ಹಿಂದೆ ಊರು. ವಾಡೆಯ ಹಿತ್ತಲಿಗೆ ಹೋಗಿ ಅವಳು ಉಗುರಿನಿಂದ ಮಣ್ಣು ಕೆರೆದಳು. ಲಾಳಿ ಕಂಡಿತು. ನೇಕಾರರು ಮುಂದೆ ಬಂದು ತಾವೇ ಕೆರೆದರು. ಕೊಂಬು ಕಂಡಿತು, ಬುಟ್ಟಿ ಕಂಡಿತು. ತಮ್ಮ ತಮ್ಮ ಕಲ್ಲನ್ನು ಜನ ಕಳೆದುಹೋದ ದನ ಸಿಕ್ಕಂತೆ ಮುಟ್ಟಿ ಮುಟ್ಟಿ ನೋಡಿದರಂತೆ. ಒಳಗೋಡೆಯಲ್ಲಿ ಹಿಂದಿನ ಮೂರು ವರ್ಷದ ಕಲ್ಲುಗಳೂ ಇದ್ದವು. ಅವಕ್ಕೆ ಗುರುತಿಲ್ಲ. ಆದರೆ ಈಗ ಯಾರಿಗೂ ಗುರುತು ಬೇಕಿರಲಿಲ್ಲ.

ಗೌಡ ಹಿಂದಿನಿಂದ ಬಂದ. ಇನ್ನೂ ತಲೆ ತಗ್ಗಿರಲಿಲ್ಲ. “ಊರಿನ ಕಲ್ಲು ಊರಾಗ ಅದಾವಲ್ಲ? ಏನ್ ಮಾರಿಕೊಂಡು ತಿಂದೀನೇನು? ಮಳಿ ಬಂದ್ರ ದನಾ ತೊಯ್ತಾವಂತ ಕಟ್ಟಿಸೀನಿ.”

ಹುಲಿಗೆವ್ವ ಅವನ ಕಡೆ ತಿರುಗಿದಳು. “ಹೌದ್ರಿ ಗೌಡ್ರ. ನಿಮ್ಮ ಎತ್ತು ತೊಯ್ಯದಂಗ ನಿಂತಾವ, ನೋಡಾಕತ್ತೀನಿ. ನಮ್ಮ ಸೋಮವ್ವ ಎಲ್ಲಿ ನಿಂತಾಳ? ಅದನ್ನಷ್ಟು ತೋರಿಸ್ರಿ.”

ದ್ಯಾಮವ್ವ ತೊಟ್ಟಿಲು ಕೆತ್ತಿದ ಕಲ್ಲಿಗೆ ಹಣೆ ಹಚ್ಚಿ ಕೂತಳು. ದುರುಗಪ್ಪ ಹಾರೆ ತಂದ. ಮೊದಲ ಕಲ್ಲು ಅವನೇ ಮೀಟಿದ. ಆಮೇಲೆ ಊರೇ ಮೀಟಿತು.

ಆ ಕಲ್ಲುಗಳು ತಾವೇ ಎದ್ದು ಹಳ್ಳದ ತನಕ ನಡೆದು ಹೋದವು ಅಂತ ಕೆಲವರು ಕತೆ ಹೇಳುತ್ತಾರೆ. ನಂಬಬೇಡಿ. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಕಲ್ಲು ನಡೆಯುವುದಿಲ್ಲ. ನಮ್ಮವರು ಎರಡನೇ ಸಲ ಹೊತ್ತರು. ಒಂದೇ ಕಲ್ಲನ್ನು ಎರಡೆರಡು ಸಲ ಹೊತ್ತರು. ಅದನ್ನು ಮರೆಸಿ ಪವಾಡ ಅಂದುಬಿಟ್ಟರೆ ಹೊರಿಸಿದವನ ತಪ್ಪೂ ಮುಚ್ಚಿಹೋಗುತ್ತದೆ.

ದೈವದವರು ಊರೊಟ್ಟಿನ ಕೆಲಸವನ್ನು ಗೌಡರ ಮನೆಯಿಂದ ಕಿತ್ತುಕೊಂಡರು. ಎಲ್ಲರ ಮನೆಯ ಹಾಗೆ ಅವರ ಮನೆಗೂ ವಾರಕ್ಕೊಂದು ದಿನದ ಪಾಳಿ ಬಂತು. ಆಳನ್ನು ಕಳಿಸುತ್ತೇನೆ ಅಂದನಂತೆ ಗೌಡ. ಆಳಿಗೆ ಅವನದೇ ಪಾಳಿ ಇದೆ, ನಿಮ್ಮದಕ್ಕೆ ನೀವು ಬನ್ನಿ ಅಂದಳು ಹುಲಿಗೆವ್ವ. ಬಂದ. ಅವಳು ಬುಟ್ಟಿ ಕೊಟ್ಟಳು. ಹೊತ್ತ. ಯಾರೂ ನಗಲಿಲ್ಲ, ಯಾರೂ ಅವನ ಬುಟ್ಟಿಗೆ ಕೈ ಹಚ್ಚಲೂ ಇಲ್ಲ.

ಏಳೂ ಕಂಬ ಎದ್ದವು, ಮೇಲೆ ಚಪ್ಪಡಿ ಬಿತ್ತು. ಎಂಟೇ ದಿನಕ್ಕೆ ದೊಡ್ಡ ಮಳೆ ಬಂತು. ಹಳ್ಳ ತುಂಬಿ ಹರಿಯಿತು, ಸೇತುವೆ ನಿಂತಿತು. ಆ ಮಳೆಗಾಲದಲ್ಲಿ ಆಚೆ ದಂಡೆಗೆ ಐದು ಹೆರಿಗೆಯಾದವಂತೆ, ಐದಕ್ಕೂ ಹುಲಿಗೆವ್ವ ಹೋದಳಂತೆ. ಐದು ಅಲ್ಲ, ಒಂಬತ್ತು ಅಂತ ಆಚೆ ಓಣಿಯವರು ಹೇಳುತ್ತಾರೆ. ಪ್ರತಿ ಸಲ ಸೇತುವೆಯ ನಡುವೆ ಒಂದು ಗಳಿಗೆ ನಿಂತು ನೀರನ್ನು ನೋಡುತ್ತಿದ್ದಳಂತೆ. ಒಂದು ವರ್ಷ ಮೊದಲೇ ಈ ಊರಿಗೆ ಕಣ್ಣು ಬಂದಿದ್ದರೆ ಅಂತ ಸಾಯುವ ತನಕ ಅನ್ನುತ್ತಿದ್ದಳಂತೆ.

ಈಗ ಚಾವಡಿ ಇಲ್ಲ, ಪಂಚಾಯತಿ ಇದೆ. ಗೌಡಕಿ ಹೋಗಿ ಅಧ್ಯಕ್ಷರು ಬಂದರು. ಗ್ರಾಮಸಭೆಯಲ್ಲಿ ಮೈಕು ಹಿಡಿದು, ಇಂಥ ಕಾಮಗಾರಿ ಪೂರ್ಣಗೊಂಡಿದೆ ಅಂತ ಓದುತ್ತಾರೆ. ಮಸಾರಿಹಾಳದಲ್ಲಿ ಆಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಯಾವಳೋ ಒಬ್ಬ ಹೆಣ್ಣುಮಗಳು ಎದ್ದು ಸೆರಗು ಸಿಕ್ಕಿಸಿ, “ನಡೀರಿ, ನೋಡೂಣು” ಅನ್ನುತ್ತಾಳೆ. ಇಡೀ ಸಭೆ ಎದ್ದು ನಡೆಯುತ್ತದೆ. ಅಧ್ಯಕ್ಷರೂ ನಡೆಯಬೇಕು, ಬಂದ ಅಧಿಕಾರಿಯೂ ಬಿಸಿಲಲ್ಲಿ ನಡೆಯಬೇಕು. ನೋಡಿ ಬಂದ ಮೇಲೆಯೇ ಹೆಬ್ಬೆಟ್ಟು, ಸಹಿ.

ಹೋದ ವರ್ಷ ಮೇದಾರ ಓಣಿಯ ಚರಂಡಿ ಪೂರ್ಣಗೊಂಡಿದೆ ಅಂತ ಓದಿದರು. ಎಲ್ಲರೂ ಎದ್ದೆವು. ಕೋಲೂರಿಕೊಂಡು ನಾನೂ ಹೋದೆ. ಅಲ್ಲಿ ಚರಂಡಿ ಇರಲಿಲ್ಲ. ನಾವು ಅಲ್ಲೇ, ಆ ಕೊಚ್ಚೆಯ ದಂಡೆಗೆ, ಸಭೆ ಕೂತೆವು. ಅಗೆಯುವವರು ಬಂದು ಮೊದಲ ಗುದ್ದಲಿ ಹಾಕುವ ತನಕ ಒಬ್ಬರೂ ಏಳಲಿಲ್ಲ.