ಆಡುಗಳಿಲ್ಲದ ದಿನ

ಬೆಟ್ಟದ ನೆತ್ತಿಯ ಗಿಡ್ಡ ರನ್‌ವೇಗೆ ಪುಟ್ಟ ವಿಮಾನವೊಂದು ವಾರಕ್ಕೊಮ್ಮೆ ಔಷಧಿ ಹೊತ್ತು ತರುತ್ತಿತ್ತು. ಇಳಿಯುವ ಮುಂಚೆ ಅದು ಮೇಲೊಂದು ಸುತ್ತು ಹಾಕಿದರೆ, ಮೇಯುತ್ತಿದ್ದ ಆಡುಗಳು ಚೆದುರಿ ದಾರಿ ಬಿಡುತ್ತಿದ್ದವು. ಸುತ್ತು ಹಾಕುವುದೇ ಆಡುಗಳಿಗಾಗಿ ಎಂದು ವಿಮಾನ ನಂಬಿತ್ತು.

ಒಂದು ದಿನ ಆಡುಗಳಿರಲಿಲ್ಲ. ವಿಮಾನ ನೇರವಾಗಿ ಇಳಿಯತೊಡಗಿತು. ಗಾಳಿಯ ದಿಕ್ಕು ತೋರಿಸುತ್ತ ಕಂಬದ ಮೇಲೆಯೇ ಮುದುಕಿಯಾಗಿದ್ದ ಹರಕು ಗಾಳಿಚೀಲ ಕೂಗಿಕೊಂಡಳು: "ತಡಿ ಮಗಾ! ಗಾಳಿ ನಿನ್ನ ಬೆನ್ನಿಗಿದೆ, ಆ ಕಡೆಯಿಂದ ಬಾ!"

"ದಾರಿ ಖಾಲಿ ಇದೆಯಲ್ಲ ಅಜ್ಜಿ!" ಎಂದಿತು ವಿಮಾನ.

ಬೆನ್ನಿಗೆ ಬಿದ್ದ ಗಾಳಿ ಅದನ್ನು ನಿಲ್ಲಗೊಡಲಿಲ್ಲ. ರನ್‌ವೇ ಮುಗಿಯಿತು, ಓಟ ಮುಗಿಯಲಿಲ್ಲ. ವಿಮಾನ ಲಂಟಾನ ಪೊದೆಗೆ ಮೂಗು ತೂರಿಸಿ ನಿಂತಿತು. ಪ್ರೊಪೆಲ್ಲರ್ ಸೊಟ್ಟಗಾಯಿತು, ಔಷಧಿ ಬಾಟಲಿಗಳು ಒಡೆದುಹೋದವು.

"ಜೀವ ಉಳೀತಲ್ಲ, ಅಷ್ಟು ಸಾಕು," ಎಂದಳು ಅಜ್ಜಿ. ಬೈಯಲಿಲ್ಲ.

ರಿಪೇರಿಯಾಗಿ ತಿಂಗಳ ಮೇಲೆ ವಿಮಾನ ಮತ್ತೆ ಬಂತು. ಅಂದೂ ಆಡುಗಳಿರಲಿಲ್ಲ. ಆದರೂ ಅದು ನಿಧಾನವಾಗಿ ಒಂದು ಸುತ್ತು ಹಾಕಿತು.

"ಓಡಿಸೋಕೆ ಒಂದು ಆಡೂ ಇಲ್ಲವಲ್ಲೋ, ಸುತ್ತು ಯಾಕೆ?" ಎಂದು ಅಜ್ಜಿ ನಕ್ಕಳು.

"ನಿಮ್ಮನ್ನ ಕೇಳಿಕೊಂಡು ಇಳಿಯೋಣ ಅಂತ, ಅಜ್ಜಿ."